ಮೂರು ಪೆನ್ಸ್, ಒಂದು ಗಾಜಿನ ಲೋಟ

ವೆಸ್ಟ್ ಇಂಡೀಸ್ ಅಂದರೆ ನಮ್ಮಲ್ಲಿ ಬಹಳ ಜನರಿಗೆ ಕ್ರಿಕೆಟ್, ಅಷ್ಟೇ. ನನಗಂತೂ ಆಂಟಿಗಾ ಅಂದ ಕೂಡಲೇ ನೆನಪಾಗುವುದು 2002ರಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು ಲಾರಾನ ವಿಕೆಟ್ ಕಿತ್ತದ್ದು. ಆ ದ್ವೀಪದ ಅಕ್ಕಪಕ್ಕ ಏನಿದೆ ಅಂತ ಭೂಪಟ ತೆಗೆದು ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ನೋಡಿದರೆ, ಉತ್ತರದ ವರ್ಜಿನ್ ದ್ವೀಪಗಳಿಂದ ದಕ್ಷಿಣದ ಗ್ರೆನಡಾದವರೆಗೆ ಬಿಲ್ಲಿನಂತೆ ಬಾಗಿದ ದ್ವೀಪಗಳ ಸಾಲು!

ಇವತ್ತು ಈ ಸಾಲು ಹಾಯಿದೋಣಿಯಲ್ಲಿ ಸುತ್ತುವವರ ಸ್ವರ್ಗ. ಅಲ್ಲಿ ವರ್ಷದ ಬಹುಪಾಲು ವಾಣಿಜ್ಯ ಮಾರುತಗಳು ಪೂರ್ವದ ಕಡೆಯಿಂದ ಬೀಸುತ್ತವೆ. ಸಾಲಿನ ದಕ್ಷಿಣದ ಅರ್ಧ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ನಿಂತಿದೆ. ಹಾಗಾಗಿ ಹೋಗುವಾಗಲೂ ಬರುವಾಗಲೂ ಗಾಳಿ ದೋಣಿಯ ಪಕ್ಕಕ್ಕೆ ಬೀಳುತ್ತದೆ. ಒಂದು ದ್ವೀಪ ಬಿಟ್ಟು ಸ್ವಲ್ಪ ಹೊತ್ತಿಗೆ ಇನ್ನೊಂದರ ಬೆಟ್ಟ ಕಾಣುತ್ತದೆ. ಉತ್ತರದ ಕಡೆ ಮಾತ್ರ ಸಾಲು ಪಶ್ಚಿಮಕ್ಕೆ ಬಾಗುವುದರಿಂದ ಹೋಗುವುದು ಸುಲಭ, ವಾಪಸು ಬರುವುದು ಕಷ್ಟ.

ಈ ದಾರಿಯಲ್ಲಿ ಮೊದಲು ಓಡಾಡಿದವರು ದಕ್ಷಿಣ ಅಮೆರಿಕದಿಂದ ಮರದ ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ದಾಟಿ ಬಂದ ಮೂಲನಿವಾಸಿಗಳು. ಕೊಲಂಬಸ್ ತನ್ನ ಎರಡನೇ ಯಾನದಲ್ಲಿ 17 ಹಡಗುಗಳೊಂದಿಗೆ ಬಂದದ್ದು 1493ರ ನವೆಂಬರ್ 3ರಂದು. ಅವತ್ತು ಭಾನುವಾರ, ಅದಕ್ಕೇ ಮೊದಲು ಕಂಡ ದ್ವೀಪಕ್ಕೆ ಡೊಮಿನಿಕಾ ಅಂತ ಹೆಸರು. ಅಲ್ಲಿದ್ದ ಕಲಿನಾಗೋ ಜನ ಅದನ್ನು ಆಗಲೇ ವೈತುಕುಬುಲಿ ಅಂತ ಕರೆಯುತ್ತಿದ್ದರು. ಯಾರು ಕೇಳಬೇಕು! ಆಮೇಲೆ ಕಬ್ಬು ಬಂತು, ಕಬ್ಬಿನ ಹಿಂದೆ ಆಫ್ರಿಕಾದಿಂದ ಗುಲಾಮರು ಬಂದರು.

ನಾನು ಹೇಳಹೊರಟಿದ್ದು ಅಂಥ ಒಬ್ಬ ಗುಲಾಮನ ಕಥೆ. ಹೆಸರು ಒಲಾಡಾ ಇಕ್ವಿಯಾನೋ. ತಾನು ಆಫ್ರಿಕಾದ ಇಗ್ಬೋ ಜನರಲ್ಲಿ ಹುಟ್ಟಿದವನು ಅಂತ ಬರೆದುಕೊಂಡಿದ್ದಾನೆ. 1763ರಲ್ಲಿ, ಆಂಟಿಗಾದ ನೈಋತ್ಯಕ್ಕಿರುವ ಪುಟ್ಟ ಮಾಂಟ್ಸೆರಾಟ್ ದ್ವೀಪದಲ್ಲಿ, ರಾಬರ್ಟ್ ಕಿಂಗ್ ಎಂಬ ವ್ಯಾಪಾರಿ ಅವನನ್ನು ಕೊಂಡ. ಹುಡುಗನಿಗೆ ಹಡಗಿನ ಕೆಲಸ ಗೊತ್ತಿತ್ತು. ಹಾಗಾಗಿ ಕಬ್ಬಿನ ಗದ್ದೆ ತಪ್ಪಿತು, ದ್ವೀಪದಿಂದ ದ್ವೀಪಕ್ಕೆ ಸರಕು ಸಾಗಿಸುವ ಹಾಯಿಹಡಗಿನ ಕೆಲಸ ಸಿಕ್ಕಿತು.

ಅವನ ಹತ್ತಿರ ಇದ್ದದ್ದು ಮೂರು ಪೆನ್ಸ್, ಅಂದರೆ ಅಲ್ಲಿನ ಲೆಕ್ಕದಲ್ಲಿ ಅರ್ಧ ಬಿಟ್. ಆಗ ಡಚ್ಚರ ಸೇಂಟ್ ಯುಸ್ಟೇಷಿಯಸ್ ದ್ವೀಪದ ಬಂದರಿನಲ್ಲಿ ಎಲ್ಲ ದೇಶದ ಸರಕೂ ಸಿಗುತ್ತಿತ್ತು. ಇವನು ಅಲ್ಲಿ ಅರ್ಧ ಬಿಟ್‌ಗೆ ಒಂದು ಗಾಜಿನ ಲೋಟ ಕೊಂಡ. ಮಾಂಟ್ಸೆರಾಟಿಗೆ ಬಂದು ಒಂದು ಬಿಟ್‌ಗೆ ಮಾರಿದ. ಮುಂದಿನ ಸಲ ಎರಡು ಲೋಟ. ಅದರ ಮುಂದಿನ ಸಲ ನಾಲ್ಕು. ಹೀಗೆ ಒಂದು-ಒಂದೂವರೆ ತಿಂಗಳಲ್ಲಿ ಒಂದು ಡಾಲರ್ ಕೂಡಿಬಿತ್ತು. ನಮ್ಮಲ್ಲಿ ಕಾಸಿಗೆ ಕಾಸು ಕೂಡಿಸುವುದು ಅಂತೀವಲ್ಲ, ಅದೇ!

ಇದೆಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಗುಲಾಮನ ದುಡ್ಡಿಗೆ ಕಾನೂನಿನ ರಕ್ಷಣೆ ಎಲ್ಲಿಯದು? ಒಮ್ಮೆ ಸಾಂತಾ ಕ್ರೂಸ್ ದ್ವೀಪದಲ್ಲಿ ಇವನೂ ಜೊತೆಗಾರನೂ ಮೂರು ಚೀಲ ಹಣ್ಣು ಮಾರಲು ಇಳಿದರು. ಇಬ್ಬರು ಬಿಳಿಯರು ಮೂರನ್ನೂ ಕಿತ್ತುಕೊಂಡರು. ಕೋಟೆಯ ಅಧಿಕಾರಿಗೆ ದೂರು ಕೊಟ್ಟರೆ ಸಿಕ್ಕಿದ್ದು ಬೈಗುಳ, ಚಾಟಿಯ ಬೆದರಿಕೆ. ಇಬ್ಬರೂ ಮತ್ತೆ ಆ ಮನೆಯ ಬಾಗಿಲಿಗೇ ಹೋಗಿ ಬೇಡಿಕೊಂಡಾಗ ಎರಡು ಚೀಲ ವಾಪಸು ಬಂತು. ಅವೆರಡೂ ಇಕ್ವಿಯಾನೋನವು. ಹೋದದ್ದು ಜೊತೆಗಾರನದು, ಅವನ ಆಸ್ತಿಯೆಲ್ಲ ಅದೇ. ಇಕ್ವಿಯಾನೋ ತನ್ನ ಹಣ್ಣಿನಲ್ಲಿ ಮೂರನೇ ಒಂದು ಭಾಗ ಅವನಿಗೆ ಕೊಟ್ಟ. ಉಳಿದದ್ದಕ್ಕೆ ಸುಮಾರು 37 ಬಿಟ್ ಬಂತಂತೆ. ಈ ಭಾಗ ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತೆ.

ಓಡಿಹೋಗುವ ಅವಕಾಶವೂ ಬಂದಿತ್ತು, ಹೋಗಲಿಲ್ಲ. 1766ರ ಜುಲೈನಲ್ಲಿ ಮಾಂಟ್ಸೆರಾಟಿನ ಹಣದ ಲೆಕ್ಕದಲ್ಲಿ 70 ಪೌಂಡ್ ಎಣಿಸಿಕೊಟ್ಟು ತನ್ನನ್ನು ತಾನೇ ಕೊಂಡುಕೊಂಡ. ಆಮೇಲೆ ಇಂಗ್ಲೆಂಡಿಗೆ ಹೋದ. 1789ರಲ್ಲಿ ಅವನು ಪ್ರಕಟಿಸಿದ ಆತ್ಮಕಥೆ ಗುಲಾಮರ ವ್ಯಾಪಾರದ ವಿರುದ್ಧದ ಹೋರಾಟಕ್ಕೆ ದೊಡ್ಡ ಬಲ ಕೊಟ್ಟಿತು.

ಆದರೆ ಎಲ್ಲರಿಗೂ ಹಡಗಿನ ಕೆಲಸ ಸಿಗಲಿಲ್ಲವಲ್ಲ? ಉಳಿದವರಿಗೆ ದಾರಿ ತೆರೆದದ್ದು ಇನ್ನೊಂದು ವಿಚಿತ್ರದಿಂದ. ಸಮುದ್ರ ಒಂದೇ, ರಾಜರು ಹಲವರು. ಬ್ರಿಟಿಷರ ದ್ವೀಪಗಳಲ್ಲಿ ಗುಲಾಮಗಿರಿ ರದ್ದಾದದ್ದು 1834ರ ಆಗಸ್ಟ್ 1ರಂದು (ಅಪ್ರೆಂಟಿಸ್ ಎಂಬ ನೆಪದ ದುಡಿಮೆ 1838ರವರೆಗೂ ಎಳೆಯಿತು). ಫ್ರೆಂಚರು, ಡೇನರು ರದ್ದು ಮಾಡಿದ್ದು 1848ರಲ್ಲಿ. ಡಚ್ಚರು 1863ರಲ್ಲಿ. ಅಂದರೆ ಹಲವು ವರ್ಷ ಫ್ರೆಂಚರ ಮಾರ್ಟಿನಿಕ್‌ನಲ್ಲಿ ನಿಂತವನಿಗೆ ಒಂದು ಕಡೆ ಸೇಂಟ್ ಲೂಸಿಯಾ, ಇನ್ನೊಂದು ಕಡೆ ಡೊಮಿನಿಕಾ, ಎರಡೂ ಬಿಡುಗಡೆಯ ನೆಲಗಳಾಗಿ ಕಣ್ಣಿಗೆ ಕಾಣುತ್ತಿದ್ದವು. ನಡುವೆ ಮೂವತ್ತು ನಲವತ್ತು ಕಿಲೋಮೀಟರ್ ನೀರು. ಡೇನರ ಸೇಂಟ್ ಜಾನ್‌ನಿಂದ ಬ್ರಿಟಿಷರ ಟೊರ್ಟೋಲಾಕ್ಕಂತೂ ಕೂಗಳತೆಗಿಂತ ತುಸು ಹೆಚ್ಚು, ಅಷ್ಟೇ. ತೋಟದ ಮಾಲೀಕರು ದೋಣಿಗಳಿಗೆ ಕಾವಲು ಹಾಕಿದರು, ಗಸ್ತು ಹಡಗುಗಳು ತಿರುಗಿದವು. ಆದರೂ ಜನ ರಾತ್ರಿ ಹೊತ್ತು ಸಿಕ್ಕ ದೋಣಿ ಹತ್ತಿ ದಾಟಿದರು. ಎಷ್ಟೋ ಜನ ದಾಟಲಾಗದೆ ಮುಳುಗಿದರು. ದ್ವೀಪಗಳ ನಡುವಿನ ಜಲಸಂಧಿಗಳಲ್ಲಿ ಗಾಳಿ, ಪ್ರವಾಹ ಎರಡೂ ಜೋರು.

ಇವತ್ತು ಪ್ರವಾಸಿಗಳು ಬೆಳಿಗ್ಗೆ ಕಾಫಿ ಕುಡಿದು ಹಾಯಿ ಬಿಚ್ಚಿ ಮಧ್ಯಾಹ್ನದ ಊಟಕ್ಕೆ ದಾಟುವುದು ಇದೇ ನೀರನ್ನು. ಅವರ ಸಂತೋಷದ ಮೇಲೆ ನನಗೇನೂ ಸಿಟ್ಟಿಲ್ಲ. ಅವಕಾಶ ಸಿಕ್ಕರೆ ನಾನೂ ಹೋಗುವವನೇ. ಆದರೆ ಆ ನೀರಿನ ಅಗಲವನ್ನು ಕಿಲೋಮೀಟರಿನಲ್ಲಷ್ಟೇ ಅಳೆಯಲು ನನಗೆ ಇನ್ನು ಆಗುವುದಿಲ್ಲ.

ಇಕ್ವಿಯಾನೋನ ಮಾಂಟ್ಸೆರಾಟ್ ಈಗ ಹೇಗಿದೆ ಗೊತ್ತೇ? 1995ರಲ್ಲಿ ಅಲ್ಲಿನ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿ ಎಚ್ಚೆತ್ತಿತು. 1997ರ ಹೊತ್ತಿಗೆ ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಯಿತು. ಗುಲಾಮನ ಲೋಟಗಳು ಬಿಕರಿಯಾದ ದ್ವೀಪದ ಆ ಹಳೆಯ ಊರಿನಲ್ಲಿ ಈಗ ಯಾರೂ ವಾಸವಿಲ್ಲ. ಗಾಳಿ ಮಾತ್ರ ಹಾಗೇ ಇದೆ, ಪೂರ್ವದಿಂದ.