ವ್ಯಾಯಾಮದ ನಂತರ ಏನು ತಿನ್ನಬೇಕು, ಯಾವಾಗ ತಿನ್ನಬೇಕು?

ವ್ಯಾಯಾಮ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಮುಗಿದ ಮೇಲೆ ಏನು ತಿನ್ನಬೇಕು, ಎಷ್ಟು ಹೊತ್ತಿಗೆ ತಿನ್ನಬೇಕು ಎಂದು ಬಿಡಿಸಿ ಹೇಳುವವರು ಕಡಿಮೆ. ಬೆಳಗಿನ ಐದೂವರೆಗೆ ಅಕ್ಕಲಕೋಟೆ, ಜತ್ತ ಕಡೆಯ ಯಾವ ರಸ್ತೆಗೆ ಹೋದರೂ ಪೊಲೀಸ್ ಭರತಿಗೋ ಸೈನ್ಯದ ಭರತಿಗೋ ಓಡುವ ಹುಡುಗರು ಸಿಗುತ್ತಾರೆ. ತಾಲೀಮಿನಲ್ಲಿ ದಂಡ, ಬೈಠಕ್ ಹೊಡೆಯುವವರು ಇನ್ನೂ ಇದ್ದಾರೆ. ಸಕ್ಕರೆ ಕಾಯಿಲೆಗೆ ಹೆದರಿ ವಾಕಿಂಗ್ ಹೊರಟ ನನ್ನ ವಯಸ್ಸಿನವರೂ ಇದ್ದಾರೆ. ಮೂವರ ಅಗತ್ಯವೂ ಬೇರೆ ಬೇರೆ.

ನಮ್ಮ ಓಣಿಯ ಒಬ್ಬ ಹುಡುಗನ ಮಾತು ಈ ಲೇಖನಕ್ಕೆ ಕಾರಣ. ಬೆಳಿಗ್ಗೆ ಒಂದು ಕಪ್ ಚಹಾ ಕುಡಿದು ಓಡುತ್ತಿದ್ದ. ಬಂದು ಮತ್ತೆ ಚಹಾ, ಊಟ ಹನ್ನೊಂದು ಗಂಟೆಗೆ. ಒಂದು ದಿನ ಮೈದಾನದಲ್ಲೇ ಕುಸಿದು ಕೂತ. "ಕಾಕಾ, ಓಡೂಮುಂದ ಕಣ್ಣಿಗೆ ಕತ್ತಲಿ ಬಂತ್ರಿ" ಅಂದ. ಅವನ ಮನೆಯಲ್ಲಿ ಎರಡು ಸಾವಿರ ರೂಪಾಯಿಗೂ ಮೇಲೆ ಕೊಟ್ಟು ತಂದ ಪೌಡರ್ ಡಬ್ಬಿ ಇತ್ತು. ಹಾಗೆಯೇ ಜೋಳ, ತೊಗರಿ, ಶೇಂಗಾ, ಎಮ್ಮೆ ಹಾಲು ಎಲ್ಲವೂ ಇದ್ದವು. ಕೊರತೆ ಇದ್ದದ್ದು ತಿನ್ನುವ ಹೊತ್ತಿನದು ಮಾತ್ರ.

ದೇಹದೊಳಗೆ ಏನಾಗುತ್ತದೆ?

ನಾವು ತಿಂದ ರೊಟ್ಟಿ, ಅನ್ನ, ಮುದ್ದೆಯ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಅದರಲ್ಲಿ ಒಂದಿಷ್ಟು ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟಿರುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಆಸುಪಾಸು. ಜೋರಾಗಿ ಓಡುವಾಗ ಖರ್ಚಾಗುವುದು ಮುಖ್ಯವಾಗಿ ಈ ದಾಸ್ತಾನು. ರಾತ್ರಿಯ ನಿದ್ದೆಯಲ್ಲಿ ಯಕೃತ್ತಿನ ಪಾಲು ಆಗಲೇ ಅರ್ಧಕ್ಕಿಂತ ಹೆಚ್ಚು ಕರಗಿರುತ್ತದೆ. ಆದ್ದರಿಂದಲೇ ಬರೀ ಹೊಟ್ಟೆಯಲ್ಲಿ ಬಹಳ ಹೊತ್ತು ಓಡಿದರೆ ಕೆಲವರಿಗೆ ತಲೆ ಸುತ್ತುತ್ತದೆ.

ಎರಡನೆಯದು ಸ್ನಾಯುಗಳ ಸವೆತ. ಕಠಿಣ ವ್ಯಾಯಾಮದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ದೇಹ ಅದನ್ನು ರಿಪೇರಿ ಮಾಡಿ ಮೊದಲಿಗಿಂತ ಗಟ್ಟಿ ಮಾಡುತ್ತದೆ. ಈ ಕೆಲಸಕ್ಕೆ ಬೇಕಾದ ಸಾಮಾನು ಪ್ರೋಟೀನು. ಮರಾಠಿ ಪುಸ್ತಕದಲ್ಲಿ ಪ್ರಥಿನೆ, ತೆಲುಗಿನಲ್ಲಿ ಮಾಂಸಕೃತ್ತುಲು, ತಮಿಳಿನಲ್ಲಿ ಪುರದಂ, ಮಲಯಾಳದಲ್ಲಿ ಮಾಂಸ್ಯಂ, ನಮ್ಮ ಕನ್ನಡ ಶಾಲೆಯಲ್ಲಿ ಸಸಾರಜನಕ ಎಂದು ಓದಿದ್ದು ಇದನ್ನೇ.

ಮೂರನೆಯದು ಬೆವರು. ಅದರಲ್ಲಿ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ವ್ಯಾಯಾಮದ ನಂತರ ತುಂಬಿಕೊಡಬೇಕಾದದ್ದು ಈ ಮೂರು: ನೀರು, ಪಿಷ್ಟ, ಪ್ರೋಟೀನು.

ಮೊದಲು ನೀರು

ಓಟ ಮುಗಿದ ಕೂಡಲೇ ಗಟಗಟನೆ ಒಂದು ತಂಬಿಗೆ ನೀರು ಕುಡಿಯಬೇಡಿ. ಸ್ವಲ್ಪ ಹೊತ್ತು ನಡೆದಾಡಿ, ಏದುಸಿರು ಇಳಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಎಷ್ಟು ಕುಡಿಯಬೇಕೆಂದು ತಿಳಿಯಲು ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ಕುಡಿಯಬೇಕು. ತೂಕದ ಯಂತ್ರ ಇಲ್ಲದವರು ಮೂತ್ರದ ಬಣ್ಣ ನೋಡಿದರೆ ಸಾಕು. ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು.

ಬೇಸಿಗೆಯಲ್ಲಿ ಒಂದು ಗಂಟೆಗೂ ಮೀರಿ ಬೆವರಿದವರಿಗೆ ಬರೀ ನೀರು ಸಾಲುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಸಕ್ಕರೆ ಬೆರೆಸಿದ ಲಿಂಬೆ ಪಾನಕ, ಗಂಜಿ ತಿಳಿ ಒಳ್ಳೆಯವು. ಕೆಫೀನ್ ಇರುವ ಎನರ್ಜಿ ಡ್ರಿಂಕ್ ಇದಕ್ಕೆ ಬದಲಿಯಲ್ಲ.

ಅರ್ಧ ಗಂಟೆಯ ಮಾತು ಎಷ್ಟು ನಿಜ?

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನು ತಿನ್ನದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ ಎಂದು ಜಿಮ್‌ಗಳಲ್ಲಿ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. 2013ರಲ್ಲಿ ಶೋನ್‌ಫೆಲ್ಡ್, ಅರಾಗನ್ ಮತ್ತು ಕ್ರೀಗರ್ ಎಂಬ ಅಮೆರಿಕದ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ತಿನ್ನುವ ಗಳಿಗೆಗಿಂತ ಇಡೀ ದಿನದಲ್ಲಿ ಎಷ್ಟು ಪ್ರೋಟೀನು ಹೊಟ್ಟೆಗೆ ಹೋಯಿತು ಎಂಬುದೇ ಮುಖ್ಯ ಎಂದು ಕಂಡುಬಂತು. ಸ್ನಾಯು ಪ್ರೋಟೀನನ್ನು ಬಳಸಿಕೊಳ್ಳುವ ಕೆಲಸ ಒಂದು ದಿನದವರೆಗೂ ಚುರುಕಾಗಿಯೇ ಇರುತ್ತದೆ.

ಹಾಗಾದರೆ ಹೊತ್ತಿಗೆ ಬೆಲೆಯೇ ಇಲ್ಲವೇ? ಇದೆ. ಅದು ಎರಡು ಸಂಗತಿಗಳ ಮೇಲೆ ನಿಂತಿದೆ.

ಒಂದು, ವ್ಯಾಯಾಮಕ್ಕೆ ಮೊದಲು ತಿಂದಿದ್ದೀರೋ ಇಲ್ಲವೋ. ಎರಡು ಗಂಟೆ ಮೊದಲು ಊಟ ಮಾಡಿ ಸಂಜೆ ತಾಲೀಮಿಗೆ ಹೋದವರಿಗೆ ಅವಸರವಿಲ್ಲ. ಬರೀ ಹೊಟ್ಟೆಯಲ್ಲಿ ಓಡಿದವರು ಹೆಚ್ಚು ತಡ ಮಾಡಬಾರದು.

ಎರಡು, ಮತ್ತೆ ಯಾವಾಗ ವ್ಯಾಯಾಮ ಮಾಡುತ್ತೀರಿ ಎಂಬುದು. ನಾಳೆ ಬೆಳಿಗ್ಗೆಯೇ ಆದರೆ ದಿನದ ಮಾಮೂಲು ಊಟವೇ ದಾಸ್ತಾನನ್ನು ತುಂಬುತ್ತದೆ. ಅದೇ ದಿನ ಸಂಜೆ ಮತ್ತೆ ಓಡುವುದಿದ್ದರೆ ಮೊದಲ ಒಂದು ಗಂಟೆಯೊಳಗೆ ತಿನ್ನಲು ಶುರು ಮಾಡಬೇಕು. ಭರತಿಯ ದಿನವೂ ಹೀಗೆಯೇ. ಮಹಾರಾಷ್ಟ್ರ ಪೊಲೀಸ್ ಭರತಿಯಲ್ಲಿ ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್ ಓಟ, ಇಬ್ಬರಿಗೂ 100 ಮೀಟರ್ ಓಟ ಮತ್ತು ಗುಂಡು ಎಸೆತ ಇರುತ್ತವೆ. ಅಲ್ಲಿ ಮಧ್ಯದ ಬಿಡುವಿನಲ್ಲಿ ಬಾಳೆಹಣ್ಣು, ಖರ್ಜೂರದಂಥ ಬೇಗ ಜೀರ್ಣವಾಗುವುದನ್ನು ತಿನ್ನಬೇಕು. ಎಣ್ಣೆ ಪದಾರ್ಥ, ಹೊಟ್ಟೆ ತುಂಬ ಹಾಲು ಬೇಡ.

ಎಷ್ಟು ತಿನ್ನಬೇಕು?

ವ್ಯಾಯಾಮದ ನಂತರದ ಒಂದು ಹೊತ್ತಿನ ಊಟದಲ್ಲಿ ದೇಹದ ತೂಕದ ಕಿಲೋಗೆ 0.3 ಗ್ರಾಂ ಪ್ರೋಟೀನು ಇದ್ದರೆ ಸಾಕು. 60 ಕಿಲೋ ತೂಗುವವರಿಗೆ ಇದು 18 ಗ್ರಾಂ ಆಯಿತು, 20 ಎಂದೇ ಇಟ್ಟುಕೊಳ್ಳಿ. ಪಿಷ್ಟ ಕಿಲೋಗೆ ಒಂದು ಗ್ರಾಂ, ಅಂದರೆ 60 ಗ್ರಾಂ. ದಿನದ ಲೆಕ್ಕದಲ್ಲಿ ಸಾಮಾನ್ಯ ವಯಸ್ಕರಿಗೆ ಕಿಲೋಗೆ 0.83 ಗ್ರಾಂ ಪ್ರೋಟೀನು ಎಂದು ನಮ್ಮ ದೇಶದ ಶಿಫಾರಸು. ದಿನವೂ ಕಠಿಣ ಅಭ್ಯಾಸ ಮಾಡುವವರಿಗೆ 1.2ರಿಂದ 1.6 ಗ್ರಾಂ ಬೇಕಾಗುತ್ತದೆ.

ಮನೆಯ ಪದಾರ್ಥಗಳಲ್ಲಿ ಸುಮಾರು ಎಷ್ಟು ಪ್ರೋಟೀನು ಇದೆ ನೋಡಿ:

- ಜೋಳದ ರೊಟ್ಟಿ ಎರಡು (120 ಗ್ರಾಂ ಹಿಟ್ಟು): 12 ಗ್ರಾಂ
- ರಾಗಿ ಮುದ್ದೆ (100 ಗ್ರಾಂ ಹಿಟ್ಟು): 7 ಗ್ರಾಂ
- ತೊಗರಿ, ಹೆಸರು, ಹುರುಳಿ (30 ಗ್ರಾಂ ಕಾಳು ಬೇಯಿಸಿದ್ದು): 6ರಿಂದ 7 ಗ್ರಾಂ
- ಹುರಿದ ಕಡಲೆ (50 ಗ್ರಾಂ): 10 ಗ್ರಾಂ
- ಶೇಂಗಾ ಒಂದು ಹಿಡಿ (30 ಗ್ರಾಂ): 7 ಗ್ರಾಂ
- ಮೊಟ್ಟೆ ಒಂದು: 6 ಗ್ರಾಂ
- ಹಾಲು ಒಂದು ಲೋಟ (200 ಮಿ.ಲೀ.): 6 ಗ್ರಾಂ

ಎರಡು ಜೋಳದ ರೊಟ್ಟಿ, ಒಂದು ವಾಟಿ ಬೇಳೆ, ಒಂದು ಲೋಟ ಹಾಲು ಸೇರಿದರೆ 24, 25 ಗ್ರಾಂ ಆಯಿತು. ಪಿಷ್ಟವೂ ಅದರಲ್ಲೇ ಬಂತು. ಡಬ್ಬಿ ತೆರೆಯುವ ಅಗತ್ಯವೇ ಬೀಳಲಿಲ್ಲ.

ರೊಟ್ಟಿಗೆ ಕಾಳು ಜೊತೆ ಇರಲೇಬೇಕು ಎಂಬುದಕ್ಕೂ ಕಾರಣವಿದೆ. ಜೋಳ, ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ, ಆದರೆ ಮೀಥಿಯೋನಿನ್ ಕಡಿಮೆ. ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬರೀ ಖಾರ ಹಚ್ಚಿಕೊಂಡು ನಾಲ್ಕು ರೊಟ್ಟಿ ತಿಂದರೆ ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಅಷ್ಟು ಲಾಭವಿಲ್ಲ.

ಗಡಿಯ ಊರು, ಊರಿನ ತಟ್ಟೆ

ಎಲ್ಲರ ಮನೆಯಲ್ಲೂ ಜೋಳವೇ ಇರಬೇಕೆಂದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರಿಗೆ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಸಾಕು. ಸೀಸನ್ನಿನಲ್ಲಿ ನಮ್ಮದೇ ದಾಳಿಂಬೆ, ದ್ರಾಕ್ಷಿ. ಮಡಕಶಿರಾ, ಹೊಸೂರು, ತಾಳವಾಡಿ ಕಡೆ ರಾಗಿ ಮುದ್ದೆಗೆ ಹುರುಳಿ ಸಾರೋ ಅವರೆಕಾಳು ಸಾರೋ ಇದ್ದರೆ ಆಯಿತು. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂ ಮೀರಿ ಸುಣ್ಣದ ಅಂಶವಿದ್ದು ಮೂಳೆಗೆ ಒಳ್ಳೆಯದು. ರಾಯದುರ್ಗ, ಆದೋನಿಯವರಿಗೆ ಶೇಂಗಾ ಹೊಸದಲ್ಲ. ತೆಲಂಗಾಣದ ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ ಮಾನ್ಯತೆಯೇ ಸಿಕ್ಕಿದೆ. ಕಾಸರಗೋಡಿನವರ ಕುಚ್ಚಲಕ್ಕಿ ಗಂಜಿ ನೀರನ್ನೂ ಉಪ್ಪನ್ನೂ ಪಿಷ್ಟವನ್ನೂ ಒಟ್ಟಿಗೆ ಕೊಡುತ್ತದೆ. ಅದಕ್ಕೆ ಹೆಸರುಕಾಳಿನ ಪಲ್ಯವೋ ಮೀನೋ ಸೇರಿಸಿಕೊಂಡರೆ ಪೂರ್ತಿಯಾಯಿತು.

ಪೈಲ್ವಾನರ ಖುರಾಕು ಎಂದರೆ ಹಾಲು, ತುಪ್ಪ, ಬಾದಾಮಿ ಅರೆದ ಥಂಡಾಯಿ. ದಿನಕ್ಕೆ ನಾಲ್ಕೈದು ಗಂಟೆ ಮಣ್ಣಿನಲ್ಲಿ ಬೆವರು ಸುರಿಸುವವರಿಗೆ ಅದು ದಕ್ಕುತ್ತದೆ. ಅರ್ಧ ಗಂಟೆ ಜಿಮ್ ಮಾಡಿ ಅದನ್ನೇ ಕುಡಿದರೆ ಬೊಜ್ಜು ಬರುತ್ತದೆ. ಬಾದಾಮಿ ಕೊಳ್ಳಲಾಗದವರು ಕೊರಗಬೇಕಿಲ್ಲ. ಶೇಂಗಾವನ್ನು ಬಡವರ ಬಾದಾಮಿ ಎಂದು ಸುಮ್ಮನೆ ಕರೆದಿಲ್ಲ, ಪ್ರೋಟೀನಿನ ಲೆಕ್ಕದಲ್ಲಿ ಅದು ಬಾದಾಮಿಗೆ ಒಂದು ಕೈ ಮೇಲೇ.

ಓಡುವವರಿಗೆ ಒಂದು ದಿನಚರಿ

- ಓಟಕ್ಕೆ ಅರ್ಧ ಗಂಟೆ ಮೊದಲು: ಒಂದು ಲೋಟ ನೀರು, ಒಂದು ಬಾಳೆಹಣ್ಣು ಅಥವಾ ಎರಡು ಮೂರು ಖರ್ಜೂರ.
- ಓಟ ಮುಗಿದ ಅರ್ಧ ಗಂಟೆಯೊಳಗೆ: ನೀರು ಅಥವಾ ಮಜ್ಜಿಗೆ, ಒಂದು ಹಿಡಿ ಶೇಂಗಾ, ಚೂರು ಬೆಲ್ಲ.
- ಒಂದರಿಂದ ಎರಡು ಗಂಟೆಯೊಳಗೆ: ರೊಟ್ಟಿ ಅಥವಾ ಮುದ್ದೆ ಅಥವಾ ಅನ್ನ, ಕಾಳಿನ ಪಲ್ಯ ಅಥವಾ ಎರಡು ಮೊಟ್ಟೆ, ಹಾಲು ಅಥವಾ ಮೊಸರು.
- ಸಂಜೆಯ ಅಭ್ಯಾಸಕ್ಕೆ ಒಂದೂವರೆ ಗಂಟೆ ಮೊದಲು: ಅವಲಕ್ಕಿ ಅಥವಾ ಉಪ್ಪಿಟ್ಟು.
- ರಾತ್ರಿ: ಮಾಮೂಲು ಊಟ, ಮಲಗುವ ಮೊದಲು ಒಂದು ಲೋಟ ಹಾಲು.

ಮೊಟ್ಟೆಯನ್ನು ಬೇಯಿಸಿಯೇ ತಿನ್ನಿ. ಬೇಯಿಸಿದ ಮೊಟ್ಟೆಯ ಪ್ರೋಟೀನು ಹಸಿ ಮೊಟ್ಟೆಯದಕ್ಕಿಂತ ಹೆಚ್ಚು ಮೈಗೆ ಹತ್ತುತ್ತದೆ, ರೋಗಾಣುವಿನ ಭಯವೂ ಇಲ್ಲ.

ಡಬ್ಬಿ ಪೌಡರ್ ಬೇಕೇ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗೂ ನಮ್ಮ ಗಡಿಗೂ ಒಂದು ನಂಟಿದೆ. ಅದು 1918ರಲ್ಲಿ ಹುಟ್ಟಿದ್ದು ನೀಲಗಿರಿಯ ಕೂನೂರಿನಲ್ಲಿ, ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರಿಂದ. 1958ರಲ್ಲಿ ಹೈದರಾಬಾದಿಗೆ ಬಂತು. ಈ ಸಂಸ್ಥೆ 2024ರಲ್ಲಿ ಹೊರತಂದ ಭಾರತೀಯರ ಆಹಾರ ಮಾರ್ಗಸೂಚಿಯಲ್ಲಿ ಸ್ನಾಯು ಬೆಳೆಸಲು ಪ್ರೋಟೀನ್ ಪೌಡರ್ ಬಳಸಬೇಡಿ ಎಂದೇ ಹೇಳಿದೆ. ವೇ ಪ್ರೋಟೀನ್ ಎಂದು ಮಾರುವುದು ಹಾಲಿನ ಪ್ರೋಟೀನಿನ ಒಂದು ಭಾಗ. ಅದು ವಿಷವಲ್ಲ, ಅಮೃತವೂ ಅಲ್ಲ. ಊಟ ಸರಿಯಿದ್ದವರಿಗೆ ಅದರಿಂದ ಸಿಗುವ ಹೆಚ್ಚಿನ ಲಾಭ ಅತ್ಯಲ್ಪ. ಆ ಎರಡು ಸಾವಿರ ರೂಪಾಯಿಯನ್ನು ಹಾಲು, ಮೊಟ್ಟೆ, ಶೇಂಗಾಕ್ಕೆ ಹಾಕಿದರೆ ಮನೆಮಂದಿಯೂ ತಿನ್ನಬಹುದು. ಮೂತ್ರಪಿಂಡದ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಪೌಡರ್ ಮುಟ್ಟಬಾರದು.

ಹೆಣ್ಣುಮಕ್ಕಳ ವಿಷಯ

ಭರತಿಗೆ ಓಡುವ ಹುಡುಗಿಯರು ಈಗ ಹೆಚ್ಚಿದ್ದಾರೆ. ಬಂದವಳೇ ನೀರು ತುಂಬಿ, ಕಸ ಹೊಡೆದು, ಎಲ್ಲರ ಊಟ ಆದ ಮೇಲೆ ಉಂಡರೆ ಅವಳ ಓಟ ಸುಧಾರಿಸುವುದು ಹೇಗೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ದಮ್ಮು ಸಾಲದು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಸೊಪ್ಪು, ಕಾಳು, ಸಜ್ಜೆ ರೊಟ್ಟಿಯ ಜೊತೆ ಲಿಂಬೆ ಹಿಂಡಿ ತಿಂದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆ ಚಹಾ ಕುಡಿದರೆ ಅದಕ್ಕೆ ಅಡ್ಡಿ, ಒಂದು ಗಂಟೆ ಅಂತರವಿರಲಿ. ಅಭ್ಯಾಸ ಹೆಚ್ಚಿಸಿದ ಮೇಲೆ ಮುಟ್ಟು ನಿಂತರೆ ಊಟ ಸಾಲುತ್ತಿಲ್ಲ ಎಂಬ ಸೂಚನೆ ಇರಬಹುದು, ವೈದ್ಯರಿಗೆ ತೋರಿಸಿ.

ವಾಕಿಂಗ್ ಹೋಗುವವರಿಗೆ

ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ. ದಾರಿಯ ಹೋಟೆಲಿನ ಎರಡು ವಡೆ, ಒಂದು ಸಿಹಿ ಚಹಾದಲ್ಲಿ ಅದು ವಾಪಸು ಬರುತ್ತದೆ. ನಮಗೆ ವಿಶೇಷ ಆಹಾರ ಬೇಡ, ನೀರು ಕುಡಿದು ಮನೆಯ ನಾಷ್ಟಾ ಮಾಡಿದರೆ ಸಾಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಂತರ, ಕೆಲವೊಮ್ಮೆ ರಾತ್ರಿಯೂ, ಸಕ್ಕರೆ ಇಳಿಯಬಹುದು. ನಡುಕ, ಬೆವರು, ಗಾಬರಿ ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಬೇಕು. ಕಿಸೆಯಲ್ಲಿ ಸಕ್ಕರೆ ಪೊಟ್ಟಣ ಇರಲಿ.

ಎಚ್ಚರಿಕೆ

ಬೆವರಿದ ಮೇಲೆ ಸಾರಾಯಿ, ಬಿಯರ್ ಬೇಡ. ಅದು ಸ್ನಾಯುವಿನ ರಿಪೇರಿಯನ್ನೇ ತಡೆಯುತ್ತದೆ. ಅತಿಯಾದ ವ್ಯಾಯಾಮದ ನಂತರ ಮೈಕೈ ವಿಪರೀತ ನೋಯುತ್ತ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಓಡುವಾಗ ಎದೆ ನೋವು ಬಂದರೂ ಅಷ್ಟೇ.

ನಮ್ಮ ಓಣಿಯ ಹುಡುಗ ಈಗ ಬಾಳೆಹಣ್ಣು ತಿಂದು ಓಡುತ್ತಾನೆ, ಎಂಟು ಗಂಟೆಗೆ ರೊಟ್ಟಿ ಉಣ್ಣುತ್ತಾನೆ. ಅವನ ತಾಯಿ ಒಂದು ತಾಸು ಮೊದಲೇ ಒಲೆ ಹಚ್ಚುತ್ತಾಳೆ. ಕಣ್ಣಿಗೆ ಕತ್ತಲೆ ಬರುವುದು ನಿಂತಿದೆ. ನೌಕರಿ ಸಿಗುವುದು ಬಿಡುವುದು ಬೇರೆ ಮಾತು, ಓಡುವವರ ಮೈ ಕೆಡದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲೇ ಇದೆ.