ಮೆಕ್ಸಿಕೋದ ಕರಿ ಕಾಳು, ಗದಗಿನ ಗಡಿಗೆ

ದುಬೈಯಲ್ಲಿ ದುಡಿಯುವ ತಂಗಿಯ ಮಗ ರಜೆಗೆ ಬಂದಾಗ ಖರ್ಜೂರ, ಬಾದಾಮಿ, ಅತ್ತರುಗಳ ಜೊತೆಗೆ ಒಂದು ಕಿಲೋ ಕರಿ ಕಾಳಿನ ಪಾಕೀಟನ್ನೂ ತಂದಿದ್ದ. ಅಲ್ಲಿ ಅವನ ಕೋಣೆಯ ಗೆಳೆಯನೊಬ್ಬ ಇದನ್ನು ಬೇಯಿಸಿ ಉಣಿಸಿದ್ದನಂತೆ. ಗದಗಿನ ನಮ್ಮ ಮನೆಯಲ್ಲಿ ಖಾಲಾ ಒಂದು ಹಿಡಿ ಕಾಳನ್ನು ಮೊರಕ್ಕೆ ಸುರಿದುಕೊಂಡು ಬೆರಳಾಡಿಸಿದರು. ಉದ್ದಿಗಿಂತ ದೊಡ್ಡದು, ಮೈಯೆಲ್ಲ ಮಿರುಗುವ ಕಪ್ಪು, ನಡುವೆ ಒಂದು ಬಿಳಿ ಚುಕ್ಕೆ. "ಯೇ ಕಾಂಕೀ ಕುಲ್ತೀ ರೇ?" ಎಂದು ಕೇಳಿದರು. ಇದೆಲ್ಲಿಯ ಹುರಳಿಯೋ ಎಂದು. ಹುಡುಗ ನಕ್ಕು, "ಹುರಳಿ ಅಲ್ಲ ನಾನೀ, ಮೆಕ್ಸಿಕೋದ ಬ್ಲ್ಯಾಕ್ ಬೀನ್ಸ್" ಎಂದ.

ರಾತ್ರಿ ನೆನೆಹಾಕಿ ಮರುದಿನ ಒಲೆಗೇರಿಸಿದೆವು. ಬೋರಿನ ನೀರು. ನಮ್ಮ ರೂಢಿಯಂತೆ ಮೊದಲೇ ಹುಣಸೆಹುಳಿಯನ್ನೂ ಹಿಂಡಿದ್ದಾಯಿತು. ಎರಡು ತಾಸು ಕುದಿಸಿದರೂ ಕಾಳು ಹರಳಿನಂತೆಯೇ ಉಳಿಯಿತು. ಖಾಲಾ ಸೌಟನ್ನು ಕೆಳಗಿಟ್ಟು ತೀರ್ಪು ಕೊಟ್ಟರು: ಪರದೇಶಿ ಕಾಳು, ನಮ್ಮ ನೀರಿಗೆ ಒಗ್ಗುವುದಿಲ್ಲ.

ಆ ತೀರ್ಪು ಸರಿಯೇ ಎಂದು ನೋಡಲು ಹೊರಟಾಗ ಈ ಕಾಳಿನ ಚರಿತ್ರೆ ನನ್ನನ್ನು ಬಹಳ ದೂರ ಕರೆದೊಯ್ದು, ಕೊನೆಗೆ ಮತ್ತೆ ನಮ್ಮ ಜಿಲ್ಲೆಗೇ ತಂದು ಬಿಟ್ಟಿತು.

ಸಸ್ಯಶಾಸ್ತ್ರಜ್ಞರು ಇದನ್ನು ಫೇಸಿಯೋಲಸ್ ವಲ್ಗ್ಯಾರಿಸ್ ಎನ್ನುತ್ತಾರೆ. ಪಂಜಾಬಿನವರು ಮೆಚ್ಚುವ ರಾಜ್ಮಾ ಇದೇ ಜಾತಿಯದು. ಅಷ್ಟೇ ಅಲ್ಲ, ನಮ್ಮ ಕಾಯಿಪಲ್ಲೆ ಸಂತೆಯಲ್ಲಿ ದಿನವೂ ಮಾರುವ ಹಸಿರು ಬೀನ್ಸ್ ಕೂಡ ಇದೇ ಜಾತಿಯ ಎಳೆಯ ಕಾಯಿ. ಬೆಂಗಳೂರು, ಮೈಸೂರು ಕಡೆ ಆ ಕಾಯಿಗೆ ಏನೆನ್ನುತ್ತಾರೆ? ಹುರುಳಿಕಾಯಿ. ಅಂದರೆ ಖಾಲಾ ಕೇಳಿದ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಅವರಿಗಿಂತ ಎಷ್ಟೋ ಮೊದಲೇ ಹಳೆ ಮೈಸೂರಿನ ಕನ್ನಡಿಗರು ಈ ಅಪರಿಚಿತನನ್ನು ಹುರುಳಿಯ ಬಳಗಕ್ಕೆ ಸೇರಿಸಿಬಿಟ್ಟಿದ್ದರು.

ಇದರ ತವರು ಅಮೆರಿಕ ಖಂಡ. ಮೆಕ್ಸಿಕೋದ ಕಡೆ ಒಮ್ಮೆ, ದಕ್ಷಿಣದ ಆಂಡಿಸ್ ಪರ್ವತಗಳಲ್ಲಿ ಇನ್ನೊಮ್ಮೆ, ಹೀಗೆ ಎರಡು ಕಡೆ ಜನ ಬೇರೆಬೇರೆಯಾಗಿ ಸಾವಿರಾರು ವರ್ಷಗಳ ಹಿಂದೆ ಈ ಕಾಡುಬಳ್ಳಿಯನ್ನು ಪಳಗಿಸಿದರು. ಅಜ್ಟೆಕ್ ದೊರೆಗಳ ರಾಜಧಾನಿಗೆ ಸುತ್ತಲಿನ ಪ್ರಾಂತಗಳು ಸಲ್ಲಿಸುತ್ತಿದ್ದ ಕಪ್ಪದಲ್ಲಿ ಗೋವಿನಜೋಳದ ಜೊತೆಗೆ ಬೀನ್ಸ್ ಕಾಳಿನ ಕಣಜಗಳೂ ಇದ್ದವು. 1540ರ ಸುಮಾರಿಗೆ ಸಿದ್ಧವಾದ ಮೆಂದೋಸಾ ಚಿತ್ರಗ್ರಂಥದಲ್ಲಿ ಅದರ ಲೆಕ್ಕವಿದೆ. ಅಲ್ಲಿಯ ರೈತ ಒಂದೇ ಹೊಲದಲ್ಲಿ ಗೋವಿನಜೋಳ, ಬೀನ್ಸ್, ಕುಂಬಳ ಮೂರನ್ನೂ ಬೆಳೆಯುತ್ತಾನೆ. ಜೋಳದ ದಂಟನ್ನು ಹಿಡಿದು ಬೀನ್ಸ್ ಬಳ್ಳಿ ಮೇಲೇರುತ್ತದೆ, ಕುಂಬಳದ ಎಲೆ ನೆಲದ ತೇವ ಕಾಯುತ್ತದೆ. ಈ ಪದ್ಧತಿಯ ಹೆಸರು ಮಿಲ್ಪಾ. ನಮ್ಮ ಹೊಲಗಳಲ್ಲಿ ಜೋಳದ ನಡುವೆ ತೊಗರಿ, ಅಲಸಂದಿಯ ಅಕ್ಕಡಿ ಸಾಲು ಇಡುವುದನ್ನು ಕಂಡವರಿಗೆ ಇದರ ಮರ್ಮ ಹೇಳಿಕೊಡಬೇಕಿಲ್ಲ. ಊಟದಲ್ಲೂ ಅದೇ ಲೆಕ್ಕ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಸತ್ವ ಕಾಳಿನಲ್ಲಿ ಧಾರಾಳವಾಗಿದೆ. ಮೆಕ್ಸಿಕೋದ ಬಡವ ಜೋಳದ ರೊಟ್ಟಿ ಮತ್ತು ಕಾಳಿನಲ್ಲಿ ಬದುಕಿದ, ಮುಂಡರಗಿಯ ಬಡವ ಜೋಳದ ರೊಟ್ಟಿ ಮತ್ತು ಕಾಳುಪಲ್ಲೆಯಲ್ಲಿ ಬದುಕಿದ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ.

1492ರ ಜನವರಿಯಲ್ಲಿ ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗ್ರಾನಡಾ ಪತನವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಕೊಲಂಬಸ್ ಸ್ಪೇನಿನಿಂದ ಹಡಗು ಹತ್ತಿದ. ಈ ಎರಡು ಘಟನೆಗಳೂ ಬೀನ್ಸಿನ ಗಡಿಗೆಯಲ್ಲಿ ಒಂದಾಗಿ ಬೆಂದಿವೆ. ಕ್ಯೂಬಾ ದೇಶದಲ್ಲಿ ಕರಿ ಬೀನ್ಸನ್ನು ಬಿಳಿ ಅನ್ನದೊಡನೆ ಬೇಯಿಸುವ ಅಡುಗೆಯೊಂದಿದೆ. ಅದಕ್ಕೆ 'ಮೋರೋಸ್ ಈ ಕ್ರಿಸ್ತಿಯಾನೋಸ್' ಎನ್ನುತ್ತಾರೆ. ಮುಸಲ್ಮಾನರು ಮತ್ತು ಕ್ರೈಸ್ತರು ಎಂದರ್ಥ. ಕರಿ ಕಾಳು ಮುಸಲ್ಮಾನ, ಬಿಳಿ ಅನ್ನ ಕ್ರೈಸ್ತ! ಆದರೆ ಚರಿತ್ರೆಯ ತಮಾಷೆ ನೋಡಿ. ಸ್ಪ್ಯಾನಿಷ್ ಭಾಷೆಯಲ್ಲಿ ಅಕ್ಕಿಗೆ ಇರುವ 'ಅರ್ರೋಸ್' ಎಂಬ ಪದ ಅರಬ್ಬಿಯ 'ಅರ್ರುಜ್' ಎಂಬುದರಿಂದ ಬಂದದ್ದು. ಎಣ್ಣೆಗೆ 'ಅಸೇಯ್ತೆ', ಅದು ಅರಬ್ಬಿಯ 'ಅಜ್ಜೈತ್'. ಸಕ್ಕರೆಗೆ 'ಅಸೂಕರ್', ಅದು 'ಅಸ್ಸುಕ್ಕರ್'. ಗಡಿಗೆಯ ಕ್ರೈಸ್ತನ ಹೆಸರು ಅರಬ್ಬಿ. ಗಡಿಗೆಯ ಮುಸಲ್ಮಾನ ಯಾವ ಮುಸಲ್ಮಾನನೂ ಕಾಣದ ನೆಲದ ಕಾಳು.

ಆ ದಿನಗಳ ಸ್ಪೇನಿನಲ್ಲಿ ಇದು ತಮಾಷೆಯಾಗಿರಲಿಲ್ಲ. ಬಲವಂತದಿಂದ ಮತಾಂತರಗೊಂಡ ಮುಸಲ್ಮಾನರು, ಯಹೂದಿಗಳು ಒಳಗೊಳಗೆ ಹಳೆಯ ಧರ್ಮವನ್ನೇ ಪಾಲಿಸುತ್ತಿದ್ದಾರೆಯೇ ಎಂದು ಪತ್ತೆ ಮಾಡಲು ಧರ್ಮವಿಚಾರಣೆಯ ನ್ಯಾಯಾಲಯಗಳು ಅವರ ಅಡುಗೆಮನೆಗಳನ್ನೇ ಸಾಕ್ಷಿಗೆ ಕರೆದವು. ಹಂದಿಮಾಂಸ ಬೇಡವೆಂದವನು, ಹಂದಿಯ ಕೊಬ್ಬಿನ ಬದಲು ಎಣ್ಣೆಯಲ್ಲಿ ಅಡುಗೆ ಮಾಡಿದವಳು ಸಂದೇಹಕ್ಕೆ ಗುರಿಯಾದರು. ನೆರೆಯವರ ಮೂಗು ಸಾಕ್ಷಿಯಾಯಿತು. ಕೊನೆಗೆ 1609ರಿಂದ 1614ರೊಳಗೆ ಹಾಗೆ ಮತಾಂತರಗೊಂಡಿದ್ದ ಮುಸಲ್ಮಾನರನ್ನು ದೇಶದಿಂದಲೇ ಹೊರಹಾಕಲಾಯಿತು. ಸ್ಪ್ಯಾನಿಷರ ಹಡಗಿನಲ್ಲಿ ಹಂದಿಯೂ ಅದರ ಕೊಬ್ಬೂ ಮೆಕ್ಸಿಕೋಗೆ ಹೋದವು. ಇಂದಿಗೂ ಅಲ್ಲಿಯ ಹುರಿದ ಬೀನ್ಸ್ ಮುದ್ದೆಯನ್ನು ಹಲವರು ಹಂದಿಕೊಬ್ಬಿನಲ್ಲೇ ಮಾಡುತ್ತಾರೆ. ಡಬ್ಬಿಯಲ್ಲಿ ಬರುವ ಬೀನ್ಸ್ ಕೊಳ್ಳುವ ಮುಸ್ಲಿಂ ಓದುಗರು ಚೀಟಿ ಓದಿಯೇ ಕೊಳ್ಳಬೇಕು. ಒಣ ಕಾಳಿಗೆ ಆ ತೊಂದರೆಯಿಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು ಬಾಡಿಗೆ ಮನೆ ಹುಡುಕಿದ ದಿನಗಳು. ಒಬ್ಬ ಮಾಲೀಕರು ಸಭ್ಯರೇ. ಚಹಾ ಕೊಟ್ಟರು, ಕತೆ ಬರೆಯುತ್ತೀರಂತೆ ಎಂದು ಸಂತೋಷಪಟ್ಟರು. ಬಾಡಿಗೆಯ ಮಾತು ಬರುವ ಮೊದಲು, "ನಿಮ್ಮ ಮನಿಯಾಗ ಏನೇನ್ ಅಡಗಿ ಮಾಡ್ತೀರಿ?" ಎಂದು ಕೇಳಿದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಚಟ್ನಿ ಎಂದು ಹೇಳಿದರೆ ಸುಳ್ಳಾಗುತ್ತಿರಲಿಲ್ಲ. ವಾರದ ಐದು ದಿನ ನಮ್ಮ ಊಟ ಅದೇ. ಆದರೆ ಅವರು ಕೇಳಿದ್ದು ಆ ಐದು ದಿನಗಳ ಬಗ್ಗೆ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಊಟವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಶೇಂಗಾ ದಕ್ಷಿಣ ಅಮೆರಿಕದ ಬೀಜ. ಚಳಿಗಾಲದಲ್ಲಿ ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಹುಡುಕಿ ತಿನ್ನುವುದು ಆ ಬೀಜವನ್ನೇ. ಚಟ್ನಿಯ ಕೆಂಪು ಮೆಣಸಿನಕಾಯಿ ಮೆಕ್ಸಿಕೋ ಕಡೆಯದು. ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವಾವನ್ನು ಕಸಿದುಕೊಂಡ ಮೇಲೆ ಅಮೆರಿಕದ ಬೆಳೆಗಳಿಗೆ ನಮ್ಮ ಕರಾವಳಿಯ ಬಾಗಿಲು ತೆರೆಯಿತು. ಅದಕ್ಕೆ ಮೊದಲು ನಮ್ಮಲ್ಲಿ ಖಾರವೆಂದರೆ ಕರಿಮೆಣಸು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ರಾಜಭೋಜನದಲ್ಲಿ ಮೆಣಸಿನಕಾಯಿ ಇಲ್ಲ. 1590ರ ದಶಕದಲ್ಲಿ ಅಬುಲ್ ಫಜಲ್ ಬರೆದ ಐನ್-ಎ-ಅಕ್ಬರಿಯ ಅಡುಗೆಗಳಲ್ಲೂ ಇಲ್ಲ. ಇಂದು ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದು ಈ ನೆಲದ್ದೇ ಎಂದು ಸರಕಾರ ಮುದ್ರೆ ಒತ್ತಿದೆ. ತಪ್ಪೇನೂ ಅಲ್ಲ. ಆ ಸುಕ್ಕು, ಆ ಬಣ್ಣ, ಆ ಹದವಾದ ಖಾರ ಮೂಡಿದ್ದು ಇಲ್ಲಿಯ ಮಣ್ಣಿನಲ್ಲಿ, ಇಲ್ಲಿಯ ರೈತರ ಕೈಯಲ್ಲಿ.

ಇನ್ನು ರೊಟ್ಟಿ. ಜೋಳ ಹುಟ್ಟಿದ್ದು ಆಫ್ರಿಕಾದ ಸುಡಾನ್ ಕಡೆ. ಸಜ್ಜೆಯೂ ಆಫ್ರಿಕಾದ್ದು, ಅಲಸಂದಿಯೂ ಅಷ್ಟೆ. ಕಡಲೆಯ ತವರು ಈಗಿನ ತುರ್ಕಿ. ಹಾಗಾದರೆ ಮೂಲನಿವಾಸಿ ಯಾರು? ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರು, ಬಳ್ಳಾರಿ ಪಕ್ಕದ ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ನವಶಿಲಾಯುಗದ ಬೂದಿ ಮತ್ತು ಮಣ್ಣಿನಿಂದ ಸುಟ್ಟ ಕಾಳುಗಳನ್ನು ಪುರಾತತ್ವಜ್ಞರು ಹೆಕ್ಕಿದ್ದಾರೆ. ಸುಮಾರು 4000 ವರ್ಷಗಳ ಹಿಂದಿನ ಆ ಕಾಳುಗಳಲ್ಲಿ ಮುಖ್ಯವಾದವು ಎರಡು: ಹುರಳಿ ಮತ್ತು ಹೆಸರು. ಗದಗ ಜಿಲ್ಲೆ ಇಂದಿಗೂ ಹೆಸರುಕಾಳಿಗೆ ಹೆಸರಾದದ್ದು. ಹುರಳಿಯನ್ನು ಮಾತ್ರ ನಾವು ಎತ್ತಿಗೆ, ಕುದುರೆಗೆ ಎಂದು ಪಕ್ಕಕ್ಕಿಟ್ಟಿದ್ದೇವೆ. ನಮ್ಮ ತಟ್ಟೆಯಲ್ಲಿ ನಿಜವಾಗಿ ಹಳಬರಾದವರು ಮೂಲೆಯಲ್ಲಿ ಕುಳಿತಿದ್ದಾರೆ, ಹೊರಗಿನಿಂದ ಬಂದವರು ನಡುವೆ ಕುಳಿತಿದ್ದಾರೆ, ಯಾರೂ ಜಗಳವಾಡಿಲ್ಲ.

ಜಗಳವಾಗದಿರಲು ಒಂದು ಕಾರಣ ನಮ್ಮ ಭಾಷೆ ಎಂದು ನನಗನಿಸುತ್ತದೆ. ಬಂದವರಿಗೆ ಕನ್ನಡ ಮನೆಯವರ ಹೆಸರನ್ನೇ ಹಂಚಿತು. ಮೆಣಸಿನಂತೆ ಖಾರವಾದದ್ದು ಮೆಣಸಿನಕಾಯಿಯಾಯಿತು. ಕಡಲೆಯನ್ನು ನೆನಪಿಸಿದ್ದು ಕಡಲೆಕಾಯಿಯಾಯಿತು. ಜೋಳವನ್ನು ಹೋಲಿದ್ದು ಗೋವಿನಜೋಳ, ಮೆಕ್ಕೆಜೋಳವಾಯಿತು. ಬೀನ್ಸ್ ಹುರುಳಿಕಾಯಿಯಾಯಿತು. ಪಪ್ಪಾಯಿಯಂಥ ಒಂದೆರಡಕ್ಕೆ ಮಾತ್ರ ದಕ್ಷಿಣದವರು ಪರಂಗಿ ಹಣ್ಣು ಎಂದು ಹೊರಗಿನ ಗುರುತು ಉಳಿಸಿದರು. ಅದನ್ನೂ ಹಿತ್ತಲಲ್ಲೇ ನೆಟ್ಟರು.

ಕಾಳಿಗೆ ಮಾಡಿದ್ದನ್ನು ಈ ಸೀಮೆಯ ಜನ ಮನುಷ್ಯರಿಗೂ ಮಾಡಿದರು. ಲಕ್ಷ್ಮೇಶ್ವರ ಹಿಂದಿನ ಪುಲಿಗೆರೆ. ಕನ್ನಡದ ತಿರುಳು ಇರುವ ಊರುಗಳಲ್ಲೊಂದೆಂದು ಕವಿರಾಜಮಾರ್ಗ ಹೆಸರಿಸಿದ ಊರು. ಅಲ್ಲಿ ಸೋಮೇಶ್ವರ ದೇಗುಲವಿದೆ, ಶಂಖ ಬಸದಿಯಿದೆ, ಬಿಜಾಪುರದ ಅಧಿಕಾರಿ ಅಂಕುಶಖಾನ 1617ರಲ್ಲಿ ಕಟ್ಟಿಸಿದ ಜುಮ್ಮಾ ಮಸೀದಿಯಿದೆ. ಸ್ಪೇನಿನಿಂದ ಕೊನೆಯ ಮುಸಲ್ಮಾನರನ್ನು ಹೊರಹಾಕಿ ಮೂರು ವರ್ಷವಾಗಿತ್ತು ಅಷ್ಟೆ. ಶಿರಹಟ್ಟಿಯ ಫಕೀರೇಶ್ವರ ಮಠದ ಪರಂಪರೆ ಬಿಜಾಪುರದ ಸೂಫಿ ಖ್ವಾಜಾ ಅಮೀನುದ್ದೀನರ ಅನುಗ್ರಹವನ್ನು ನೆನೆಯುತ್ತದೆ. ಬಡವ ಎಂಬ ಅರ್ಥದ ಅರಬ್ಬಿ ಪದ ಫಕೀರ್ ಇಲ್ಲಿ ಫಕೀರಪ್ಪ, ಫಕೀರವ್ವ ಎಂದಾಗಿ ಲಿಂಗಾಯತರ, ಕುರುಬರ, ಎಲ್ಲರ ಮನೆಯ ತೊಟ್ಟಿಲುಗಳಲ್ಲಿ ಮಲಗಿತು. ಇತ್ತ ನಮ್ಮ ಮುಸಲ್ಮಾನರ ಮನೆತನದ ಹೆಸರುಗಳನ್ನು ಶಾಲೆಯ ಹಾಜರಿ ಪುಸ್ತಕದಲ್ಲಿ ಓದಿ: ಲಕ್ಷ್ಮೇಶ್ವರ, ಶಿರಹಟ್ಟಿ, ಮುಳಗುಂದ, ಡಂಬಳ. ಊರೇ ಹೆಸರಾಗಿದೆ. ಎಲ್ಲಿಂದ ಬಂದವರು ಎಂದು ಯಾರಾದರೂ ಕೇಳಿದರೆ ಉತ್ತರ ಅಲ್ಲೇ ಬರೆದಿದೆ.

ಹಾಗಾದರೆ ನಮ್ಮ ಗಡಿಗೆಯಲ್ಲಿ ಕಾಳು ಏಕೆ ಬೇಯಲಿಲ್ಲ? ಕಾರಣ ಕಾಳಿನ ಊರು ಅಲ್ಲ. ಬೋರಿನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಯಾವುದೇ ಕಾಳಿನ ಸಿಪ್ಪೆಯನ್ನೂ ಬಿಗಿಗೊಳಿಸುತ್ತದೆ. ಹುಳಿಯೂ ಹಾಗೆಯೇ. ನಮ್ಮ ತೊಗರಿಬೇಳೆಯೂ ಆ ನೀರಿನಲ್ಲಿ ಬೇಯದೆ ಸತಾಯಿಸುತ್ತದೆ. ಹಿಂದಿನವರು ಬೇಳೆಗೆಂದೇ ಕೆರೆಯ ನೀರು ತರುತ್ತಿದ್ದರು.

ಎರಡನೆಯ ಸಲ ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ ನಳದಲ್ಲಿ ಬರುವ ತುಂಗಭದ್ರೆಯ ನೀರನ್ನು ಹಿಡಿದಿಟ್ಟೆವು. ಒಂದು ಬಟ್ಟಲು ಕಾಳು, ಹತ್ತು ತಾಸು ನೆನೆ. ನೆನೆದ ನೀರನ್ನು ಚೆಲ್ಲಿ, ನಾಲ್ಕು ಬಟ್ಟಲು ಹೊಸ ನೀರು, ಅರ್ಧ ಉಳ್ಳಾಗಡ್ಡಿ, ನಾಲ್ಕು ಎಸಳು ಬಳ್ಳೊಳ್ಳಿ. ಮುಚ್ಚಳವಿಲ್ಲದೆ ಹತ್ತು ನಿಮಿಷ ಚೆನ್ನಾಗಿ ಕುದಿಸಬೇಕು. ಈ ಜಾತಿಯ ಕಾಳಿನಲ್ಲಿ ಹಸಿಯಾಗಿದ್ದಾಗ ಹೊಟ್ಟೆ ಕೆಡಿಸುವ ವಿಷಾಂಶವಿರುತ್ತದೆ, ಕುದಿದರೆ ಹೋಗುತ್ತದೆ. ಹೆಸರು, ಮಡಿಕೆಯಂತೆ ಮೊಳಕೆ ಬರಿಸಿ ಹಸಿಯಾಗಿ ತಿನ್ನಲೇಬಾರದು. ಆಮೇಲೆ ಕುಕ್ಕರಿನಲ್ಲಿ ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 25 ನಿಮಿಷ. ಕಾಳು ಬೆರಳಿಗೆ ಮೆತ್ತಗಾದ ಮೇಲೆಯೇ ಉಪ್ಪು. ಬ್ಯಾಡಗಿ ಮೆಣಸಿನಕಾಯಿ ಮೂರನ್ನು ಹೆಂಚಿನ ಮೇಲೆ ಬೆಚ್ಚಗೆ ಮಾಡಿ, ಬಿಸಿನೀರಿನಲ್ಲಿ ನೆನೆಸಿ, ಜೀರಿಗೆಯೊಂದಿಗೆ ಅರೆದು ಶೇಂಗಾ ಎಣ್ಣೆಯಲ್ಲಿ ಬಾಡಿಸಿ ಸೇರಿಸಿದೆವು. ಮೆಕ್ಸಿಕೋದವರೂ ತಮ್ಮ ಒಣ ಮೆಣಸಿನಕಾಯಿಯನ್ನು ಹೀಗೆಯೇ ಹದ ಮಾಡುತ್ತಾರೆ. ಅವರು ಹಾಕುವ ಎಪಸೋತೆ ಎಂಬ ಘಾಟು ಸೊಪ್ಪು ನಮ್ಮಲ್ಲಿ ಸಿಗದು; ಒಂದು ಚಿಟಿಕೆ ಓಮ ಸಾಕಾಯಿತು. ಇಳಿಸಿದ ಮೇಲೆ ಲಿಂಬೆರಸ, ಕೊತ್ತಂಬರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಜೀರಿಗೆ, ಕೊತ್ತಂಬರಿ, ಲಿಂಬೆ ಇವೆಲ್ಲ ನಮ್ಮ ಕಡೆಯ ಖಂಡಗಳಿಂದ ಮೆಕ್ಸಿಕೋಗೆ ಹೋದವು. ಅವರ ಮೆಣಸಿನಕಾಯಿ ಇಲ್ಲಿಗೆ ಬಂತು. ಲೆಕ್ಕ ಚುಕ್ತಾ.

ಬೆಂದ ನೀರು ದಟ್ಟ ನೇರಳೆ ಬಣ್ಣಕ್ಕೆ ತಿರುಗಿತ್ತು. ಅದನ್ನು ಚೆಲ್ಲಬಾರದೆಂದು ಹುಡುಗ ಹೇಳುವ ಮೊದಲೇ ಖಾಲಾ, "ಕಟ್ಟು ಚೆಲ್ಲತಾರೇನು?" ಎಂದು ಗದರಿದರು. ಹುರಳಿ ಕಟ್ಟಿನ ಸಾರು ಮಾಡಿದ ಕೈ ಅದು. ಸಜ್ಜೆರೊಟ್ಟಿ ಮುರಿದು ಅದ್ದಿಕೊಂಡು ಎಲ್ಲರೂ ಉಂಡೆವು.

ಉಳಿದ ಕಾಳನ್ನು ಡಬ್ಬಿಗೆ ಸುರಿದು, ಉದ್ದಿನೊಂದಿಗೆ ಬೆರೆಯದಿರಲಿ ಎಂದು ಚೀಟಿ ಅಂಟಿಸಲು ಖಾಲಾ ಹೇಳಿದರು. ಏನು ಬರೆಯಲಿ ಎಂದು ಕೇಳಿದೆ.

"ಕಾಲೀ ಕುಲ್ತೀ" ಎಂದರು.