ಬೆಟ್ಟದ ಹೆಸರು ಹೊತ್ತ ದ್ರಾಕ್ಷಿ

ನಮ್ಮ ಸೋಲಾಪುರ ಜಿಲ್ಲೆಯ ಬೆಳೆಗಳನ್ನು ಕಲಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಗುರುಗಳೇ, ಚಾದರಕ್ಕ ಸೋಲಾಪುರಿ ಚಾದರ ಅಂತಾರ. ನಮ್ಮ ದ್ರಾಕ್ಷಿಗೆ ಯಾಕ ಹಂಗ ಹೆಸರಿಲ್ರೀ?” ಎಂದು ಕೇಳಿದನು. ಅವನ ತಂದೆಯದು ಅಕ್ಕಲಕೋಟೆ ತಾಲೂಕಿನಲ್ಲಿ ಎರಡೆಕರೆ ದ್ರಾಕ್ಷಿಯ ತೋಟ. ವ್ಯಾಪಾರಿಗಳು ತೋಟಕ್ಕೇ ಬಂದು ಮಾಲು ಒಯ್ಯುವರು. ಮುಂದೆ ಅದು ಯಾವ ಊರಿನ ದ್ರಾಕ್ಷಿ ಎನಿಸಿಕೊಂಡು ಮಾರಾಟವಾಗುವುದೋ ಬೆಳೆದವರಿಗೆ ತಿಳಿಯದು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ನಾನು ಇಟಲಿ ದೇಶದ ಒಂದು ಬೆಟ್ಟವನ್ನು ತಲುಪಿದೆನು. ಅಲ್ಲಿಯ ಕಥೆ ದ್ರಾಕ್ಷಾಮದ್ಯದ್ದು. ಶಿಕ್ಷಕನಿಗೇಕೆ ಮದ್ಯದ ಮಾತು ಎಂದು ಹಿರಿಯರು ಕೇಳಿಯಾರು. ನಾನು ಕುಡಿಯುವವನಲ್ಲ, ಕುಡಿಯಿರೆಂದು ಹೇಳುವವನೂ ಅಲ್ಲ. ಇಲ್ಲಿ ಹೇಳಹೊರಟಿರುವುದು ಹೆಸರಿನ ಚರಿತ್ರೆ.

ನೆಲದ ಹೆಸರನ್ನು ರಸಕ್ಕೆ ಇಡುವ ಪದ್ಧತಿ ನಮ್ಮ ಪೂರ್ವಜರಿಗೆ ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ, ದ್ರಾಕ್ಷಿಯ ರಸದಿಂದಾದುದು ಮಧುವೆಂದೂ, ಹುಟ್ಟಿದ ದೇಶದಿಂದಲೇ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳೆಂದೂ ಹೇಳಿರುವನು. ಕಾಪಿಶಿ ಎಂಬುದು ಇಂದಿನ ಕಾಬೂಲಿನ ಉತ್ತರಕ್ಕಿದ್ದ ನಗರ. ಆ ಊರಿನ ಹೆಸರಿನಿಂದ ಈ ಪದವನ್ನು ಸಾಧಿಸಲು ಪಾಣಿನಿಯು ಒಂದು ಸೂತ್ರವನ್ನೇ ರಚಿಸಿದ್ದಾನೆ! ವ್ಯಾಕರಣ ಕಲಿಸುವ ನಮ್ಮಂಥವರಿಗೆ ಇದು ಸಂತೋಷದ ಸಂಗತಿ.

ಆದರೆ ಹೆಸರು ಇರುವುದು ಬೇರೆ, ಹೆಸರಿಗೆ ಬೇಲಿ ಇರುವುದು ಬೇರೆ. ಇಟಲಿಯ ಟಸ್ಕನಿ ಪ್ರಾಂತದ ಅರಸನಾದ ಮೂರನೆಯ ಕೋಸಿಮೊ ಮೆದಿಚಿಯು 1716ನೆಯ ಇಸವಿಯ ಸಪ್ಟೆಂಬರ 24ರಂದು ಒಂದು ಆಜ್ಞೆಯನ್ನು ಹೊರಡಿಸಿ, ಕ್ಯಾಂತಿ, ಕಾರ್ಮಿನ್ಯಾನೊ ಮೊದಲಾದ ನಾಲ್ಕು ಸೀಮೆಗಳ ಎಲ್ಲೆಗಳನ್ನು ಗುರುತಿಸಿದನು. ಎಲ್ಲೆಯ ಹೊರಗೆ ಬೆಳೆದುದನ್ನು ಆ ಹೆಸರಿನಿಂದ ಮಾರುವಂತಿರಲಿಲ್ಲ.

ಅದೇ ಟಸ್ಕನಿಯ ದಕ್ಷಿಣಕ್ಕೆ ಮೊಂಟಲ್ಚೀನೊ ಎಂಬ ಬೆಟ್ಟದೂರು ಉಂಟು. ಅದರ ಇಳಿಜಾರಿನಲ್ಲಿ ಗ್ರೆಪ್ಪೊ ಎಂಬುದು ಬ್ಯೊಂಡಿ ಸಾಂತಿ ಮನೆತನದ ತೋಟವಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಟಸ್ಕನಿಯ ರೈತರು ಕೆಂಪು ದ್ರಾಕ್ಷಿಗೆ ಬಿಳಿ ದ್ರಾಕ್ಷಿಯನ್ನು ಬೆರಸಿ, ಬೇಗನೆ ಮಾರಾಟವಾಗುವ ಹಗುರಾದ ಮದ್ಯವನ್ನು ತಯಾರಿಸುತ್ತಿದ್ದರು. ಆ ಮನೆತನದ ಫೆರ್ರುಚ್ಚೊ ಎಂಬವನು ಬೇರೆ ದಾರಿ ಹಿಡಿದನು. ಸಾಂಜೊವೇಜೆ ಎಂಬ ಒಂದೇ ಜಾತಿಯ ದ್ರಾಕ್ಷಿಯಲ್ಲಿ ಉತ್ತಮವಾದ ಬಳ್ಳಿಗಳನ್ನು ಆಯ್ದು ಬೆಳೆಸಿದನು. ಅದರ ರಸವನ್ನು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇರಿಸಿದನು. 1888ನೆಯ ಇಸವಿಯ ಅವನ ಬೆಳೆಯ ರಸವು ಬ್ರುನೆಲ್ಲೊ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಒಂದು ತೋಟದಲ್ಲಿ ಹುಟ್ಟಿದ ಹೆಸರು ಕ್ರಮೇಣ ಇಡೀ ಊರಿನದಾಯಿತು. 1980ರಲ್ಲಿ ಇಟಲಿಯ ಸರಕಾರವು ಅದಕ್ಕೆ ಅತ್ಯುಚ್ಚ ದರ್ಜೆಯ ರಕ್ಷಣೆಯನ್ನು ಕೊಟ್ಟಿತು. ಬೆಳೆ ಕೊಯ್ದು ಐದನೆಯ ವರ್ಷ ಹುಟ್ಟುವ ತನಕ ಅದನ್ನು ಮಾರುವಂತಿಲ್ಲ. ಐದು ವರ್ಷ! ನಮ್ಮ ರೈತನು ಐದು ದಿನ ಕಾಯ್ದರೆ ಮಾಲು ಕೊಳೆಯುತ್ತದೆ.

ಇಂಥ ಹೆಸರಿಗೂ 2008ರಲ್ಲಿ ಗಂಡಾಂತರ ಬಂದಿತು. ಕೆಲವು ತಯಾರಕರು ಬೇರೆ ಜಾತಿಯ ದ್ರಾಕ್ಷಿಯನ್ನು ಬೆರಸಿರುವರೆಂದು ವಿಚಾರಣೆ ನಡೆಯಿತು. ಆ ಮಾಲನ್ನು ತಡೆಯುವೆವೆಂದು ಅಮೇರಿಕೆ ಹೇಳಿತು. ನಿಯಮವನ್ನು ಸಡಿಲಿಸಿದ್ದರೆ ಗೊಂದಲ ತೀರುತ್ತಿತ್ತು. ಬೆಳೆಗಾರರು ಸಭೆ ಸೇರಿ, ಸಾಂಜೊವೇಜೆ ಒಂದೇ ಇರತಕ್ಕದ್ದೆಂದು ಬಹುಮತದಿಂದ ನಿರ್ಣಯಿಸಿದರು. ನನ್ನನ್ನು ಕೇಳಿದರೆ, ಕೋಸಿಮೊನ ಆಜ್ಞೆಗಿಂತ ಈ ನಿರ್ಣಯವೇ ದೊಡ್ಡದು. ಅದನ್ನು ಹೇರಿದವರು ಯಾರೂ ಇರಲಿಲ್ಲ.

ಈ ಸಾಂಜೊವೇಜೆಯು ಈಗ ನಮ್ಮ ಜಿಲ್ಲೆಗೂ ಬಂದಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಅಕಲೂಜಿನ ಬಳಿ, ಇಟಲಿಯ ಇಬ್ಬರು ಸಹೋದರರೂ ನಮ್ಮ ದೇಶದ ಎರಡು ಮನೆತನಗಳ ಸಹೋದರರೂ ಕೂಡಿ ಫ್ರಾತೆಲ್ಲಿ ಎಂಬ ಕಾರಖಾನೆಯನ್ನು ನಡೆಸಿರುವರು. ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ಸಹೋದರರು ಎಂದೇ ಅರ್ಥ. ಟಸ್ಕನಿಯ ಪೀರೊ ಮಾಸಿ ಎಂಬ ನಿಪುಣರು ಅಲ್ಲಿಯ ಮದ್ಯಕ್ಕೆ ರೂಪ ಕೊಟ್ಟರು. ಇಟಲಿಯಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆಯುದುರಿಸಿ ಮಲಗುತ್ತದೆ. ನಮ್ಮ ಬಿಸಿಲು ಅದಕ್ಕೆ ನಿದ್ರೆ ಕೊಡದು. ಆದುದರಿಂದ ಇಲ್ಲಿ ಏಪ್ರಿಲಿನಲ್ಲೊಮ್ಮೆ, ಸಾಮಾನ್ಯವಾಗಿ ಅಕ್ಟೋಬರದ ಸುಮಾರಿಗೆ ಮತ್ತೊಮ್ಮೆ ಚಾಟ್ನಿ ಮಾಡುವರು. ಅಲ್ಲಿ ಸಪ್ಟೆಂಬರ-ಅಕ್ಟೋಬರದಲ್ಲಿ ಆಗುವ ಕೊಯ್ಲು ಇಲ್ಲಿ ಚಳಿಗಾಲದ ಕೊನೆಗೆ.

ಇನ್ನು ನಮ್ಮ ತಿನ್ನುವ ದ್ರಾಕ್ಷಿಯ ಮಾತು. ಥಾಂಪ್ಸನ್ ಎಂಬ ಬೀಜರಹಿತ ತಳಿಗೆ ಅದನ್ನು 19ನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದವನ ಹೆಸರು. ಅದರಿಂದ ಆಯ್ದ ತಾಸ್-ಎ-ಗಣೇಶ ತಳಿಯು ತಾಸಗಾಂವದ ಗುರುತನ್ನು ಉಳಿಸಿಕೊಂಡಿದೆ. ಸೋಲಾಪುರದ ಹತ್ತಿರದ ನಾನ್ನಜದಲ್ಲಿ ನಾನಾಸಾಹೇಬ ಕಾಳೆ ಎಂಬ ರೈತರು ತಮ್ಮ ತೋಟದಲ್ಲಿ ಕಣ್ಣಿಟ್ಟು ನೋಡಿ, ಉದ್ದನೆಯ ಕಾಳಿನ ಬಳ್ಳಿಯನ್ನು ಬೇರ್ಪಡಿಸಿ ಬೆಳೆಸಿದರು. ಫೆರ್ರುಚ್ಚೊ ಮಾಡಿದ್ದೂ ಇದನ್ನೇ ಅಲ್ಲವೇ? ಅದು ಸೋನಾಕಾ ಎಂದು ದೂರದೂರಕ್ಕೆ ಹಬ್ಬಿತು. ಆದರೆ ಆ ಹೆಸರನ್ನು ಕೇಳಿದವರಿಗೆ ನಾನ್ನಜವಾಗಲಿ ಸೋಲಾಪುರವಾಗಲಿ ಕೂಡಲೇ ಹೊಳೆಯದು. ನಮ್ಮ ಚಾದರಕ್ಕೂ ದಾಳಿಂಬೆಗೂ ಊರಿನ ಹೆಸರು ಕಾಯಿದೆಯಿಂದ ದೊರೆತಿದೆ. ನಾಸಿಕದವರು ತಮ್ಮ ದ್ರಾಕ್ಷಿಗೂ ಅದನ್ನು ಪಡೆದಿರುವರು.

ಇಷ್ಟನ್ನು ಆ ಹುಡುಗನಿಗೆ ತಿಳಿಸಿ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಬೆಟ್ಟದ ಮ್ಯಾಲ ಬಳ್ಳಿಗೆ ನೀರು ಎಲ್ಲಿಂದ ತರತಾರ್ರೀ?” ಎಂದು ಕೇಳಿದನು. ಅಲ್ಲಿ ಮಳೆಯೇ ಆಧಾರ, ತೀರ ಬರಗಾಲದಲ್ಲಿ ಮಾತ್ರ ನೀರುಣಿಸಲು ನಿಯಮವು ಒಪ್ಪುತ್ತದೆ ಎಂದೆನು. ಅವನ ಮನೆಯವರು ಹಿಂದಿನ ಬೇಸಿಗೆಯಲ್ಲಿ ಟ್ಯಾಂಕರಿನ ನೀರನ್ನು ಸಾಲ ಮಾಡಿ ಕೊಂಡು ತೋಟಕ್ಕೆ ಹಾಯಿಸಿದ್ದರು.